ಕೂಪನ್ ಡಬ್ಬಿ ಇಡುವ ಮುನ್ನ: ಅಂಗಡಿಯವರಿಗೆ ಹತ್ತು ಸೂತ್ರ

ದಸರಾ ಹತ್ತಿರ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಅಂಗಡಿಗಳ ಮುಂದೆ ಬ್ಯಾನರ್‌ಗಳು ಏಳುತ್ತವೆ. ಸಾವಿರ ರೂಪಾಯಿ ಖರೀದಿಗೆ ಒಂದು ಕೂಪನ್, ಬಂಪರ್ ಬಹುಮಾನ ಬೈಕ್. ಕೊಂಕಲ್ ಕಡೆಯಿಂದ ಬಂದ ಗಿರಾಕಿ ಕೂಪನ್ ತುಂಬಿ ಡಬ್ಬಿಗೆ ಹಾಕಿ ಬಸ್ ಹಿಡಿಯುತ್ತಾನೆ. ಬೈಕ್ ಹತ್ತುವುದು ಒಬ್ಬರಿಗೆ. ಉಳಿದವರೆಲ್ಲ ಬರಿಗೈಯಲ್ಲಿ ಊರಿಗೆ ಮರಳುವವರು. ಯೋಜನೆ ಗೆದ್ದಿತೋ ಬಿದ್ದಿತೋ ಎಂದು ಊರ ಕಟ್ಟೆಯ ಮೇಲೆ ತೀರ್ಪು ಕೊಡುವವರು ಇವರೇ. ಕೆಳಗಿನ ಮಾತುಗಳೆಲ್ಲ ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

1. ಡ್ರಾ ಬಯಲಲ್ಲೇ ನಡೆಯಲಿ

ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ತೆಂಗಿನಕಾಯಿಯ ಬಹುಮಾನದಿಂದ ಶುರುವಾಗಿ ಬೆಳ್ಳಿ ಕಡಗಕ್ಕೆ ಮುಗಿಯುತ್ತದೆ. ಕಡಗ ಕೈತಪ್ಪಿದ ಪೈಲ್ವಾನ ಮೈಮೇಲಿನ ಮಣ್ಣು ಕೊಡವಿಕೊಂಡು ಹೋಗಿ ಮುಂದಿನ ವರ್ಷ ಮತ್ತೆ ಅಖಾಡಕ್ಕೆ ಇಳಿಯುತ್ತಾನೆ. ಚಿತ್ತಾದದ್ದನ್ನು ಊರೇ ನೋಡಿದೆ, ತಕರಾರಿಗೆ ಜಾಗವೇ ಇಲ್ಲ. ಲಕ್ಕಿ ಡ್ರಾಕ್ಕೆ ಈ ಭಾಗ್ಯ ಕಡಿಮೆ. ಷಟರ್ ಎಳೆದು ಒಳಗೆ ನಾಲ್ಕು ಮಂದಿ ಸೇರಿ ಚೀಟಿ ಎತ್ತಿ, ಮರುದಿನ ಹೆಸರು ಹೇಳಿದರೆ ಕೇಳಿಬರುವ ಮಾತು ಒಂದೇ: "ಸಾವ್ಕಾರ್ರ ಅಳಿಯನಿಗೇ ಹತ್ತಿರಬೇಕು ಬಿಡ್ರಿ."

ಡಬ್ಬಿ ಒಳಗಿರುವುದು ಹೊರಗೆ ಕಾಣುವಂತಿರಲಿ. ಡ್ರಾದ ದಿನ ಕೂಪನ್‌ಗಳನ್ನೆಲ್ಲ ಅಂಗಡಿ ಮುಂದೆ ಹಾಸಿನ ಮೇಲೆ ಸುರಿದು, ನೆರೆದ ಗಿರಾಕಿಗಳ ಕೈಯಿಂದಲೇ ಕಲೆಸಿರಿ. ಮೊದಲ ವಾರ ಹಾಕಿದ ಚೀಟಿಗಳು ತಳ ಹಿಡಿದಿರುತ್ತವೆ, ಕೊನೆಯ ದಿನದವು ಮೇಲಿರುತ್ತವೆ. ಕಲೆಸದೆ ಎತ್ತಿದರೆ ತಡವಾಗಿ ಬಂದವನಿಗೆ ಲಾಭ. ಇದನ್ನು ಹಳ್ಳಿಯವರು ನಿಮಗಿಂತ ಚೆನ್ನಾಗಿ ಬಲ್ಲರು. ಚೀಟಿ ಎತ್ತಲು ಅಲ್ಲೇ ನಿಂತ ಮಗುವೊಂದನ್ನು ಕರೆಯಿರಿ. ಅಂಗಡಿಯ ಕೆಲಸದವರಿಗೂ ಮಾಲೀಕರ ಮನೆಯವರಿಗೂ ಬಹುಮಾನವಿಲ್ಲ ಎಂಬ ಸಾಲು ಬ್ಯಾನರಿನ ಮೂಲೆಯಲ್ಲಿ ಇರುವೆ ಸಾಲಿನಂತೆ ಅಡಗದಿರಲಿ, ನಡುವೆ ಎದ್ದು ಕಾಣಲಿ.

2. ಉದ್ರಿ ಗಿರಾಕಿಗೂ ಕೂಪನ್ ಕೊಡಿ

ಬಹುಮಾನ ಯೋಜನೆಗಳ ಮೇಲೆ ರೈತರಿಗಿರುವ ದೊಡ್ಡ ಸಿಟ್ಟು ಇದೇ ಎಂದು ನನ್ನ ಎಣಿಕೆ. ಹತ್ತಿ, ತೊಗರಿ ಬೆಳೆಯುವವರು ಮುಂಗಾರಿನಲ್ಲಿ ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಉದ್ರಿಗೆ ಒಯ್ದು, ರಾಶಿ ಆದ ಮೇಲೆ ಬಾಕಿ ಚುಕ್ತಾ ಮಾಡುತ್ತಾರೆ. ಅಂಗಡಿಯಲ್ಲಿ ಮಾತ್ರ "ನಗದು ಖರೀದಿಗೆ ಕೂಪನ್" ಎಂಬ ಬೋರ್ಡು. ವರ್ಷಕ್ಕೆ ಲಕ್ಷದ ವ್ಯಾಪಾರ ಕೊಡುವ ಹಳೆ ಗಿರಾಕಿಗೆ ಒಂದೂ ಚೀಟಿ ಇಲ್ಲ, ದಾರಿಯಲ್ಲಿ ಹೋಗುತ್ತ ಎರಡು ಸಾವಿರದ ಮಾಲು ಕೊಂಡವನಿಗೆ ಎರಡು!

ಉದ್ರಿ ತೀರಿಸಿದ ದಿನ ತೀರಿಸಿದ ಮೊತ್ತಕ್ಕೆ ಕೂಪನ್ ಕೊಡಿ. ಬಾಕಿ ವಸೂಲಿಗೆ ಇದಕ್ಕಿಂತ ಮೃದುವಾದ ದಾರಿ ಇನ್ನೊಂದಿಲ್ಲ. ಹೀಗೆ ಮಾಡುವುದಾದರೆ ಡ್ರಾವನ್ನು ದೀಪಾವಳಿಗೆ ಇಡಬೇಡಿ. ಹತ್ತಿ ಬಿಡಿಸಿ ಮಾರಿ, ತೊಗರಿ ರಾಶಿ ಮುಗಿದು ಕೈಯಲ್ಲಿ ದುಡ್ಡು ಆಡುವುದು ಸಂಕ್ರಾಂತಿಯ ಹೊತ್ತಿಗೆ, ಮೈಲಾಪುರದ ಮಲ್ಲಯ್ಯನ ಜಾತ್ರೆಯ ಆಜುಬಾಜು.

3. ಒಂದು ಬೈಕಿಗಿಂತ ಅರವತ್ತು ತಾಡಪತ್ರಿ ಮೇಲು

ಲೆಕ್ಕ ಹಾಕಿ ನೋಡಿ. 90,000 ರೂಪಾಯಿಯ ಬೈಕ್, ಡಬ್ಬಿಯಲ್ಲಿ 3,000 ಕೂಪನ್ ಎಂದಿಟ್ಟುಕೊಳ್ಳಿ. ಒಬ್ಬನಿಗೆ ಬೈಕ್, 2,999 ಚೀಟಿ ಕಸದ ಬುಟ್ಟಿಗೆ. ಅದೇ ದುಡ್ಡಿಗೆ 1,500 ರೂಪಾಯಿಯ 60 ತಾಡಪತ್ರಿ ಬರುತ್ತವೆ. ಆಗ ಐವತ್ತು ಕೂಪನ್ನಿಗೆ ಒಂದು ಬಹುಮಾನ. ಪ್ರತಿ ಹಳ್ಳಿಗೂ ಒಂದೋ ಎರಡೋ ಹೋಗಿ ಮುಟ್ಟುತ್ತವೆ. ರಾಶಿಗೆ ಹಾಸಲು, ಅಕಾಲದ ಮಳೆಯಲ್ಲಿ ಬಿಡಿಸಿಟ್ಟ ಹತ್ತಿ ಮುಚ್ಚಲು ತಾಡಪತ್ರಿ ಬೇಡವೆನ್ನುವ ರೈತನಿಲ್ಲ. ಅದರ ಮೇಲೆ ನಿಮ್ಮ ಅಂಗಡಿಯ ಹೆಸರಿದ್ದರಂತೂ ನಾಲ್ಕು ವರ್ಷ ಪುಕ್ಕಟೆ ಜಾಹೀರಾತು.

ಬ್ಯಾಟರಿ ಪಂಪು, ಮಿಕ್ಸರ್, ಸ್ಟೀಲ್ ಕೊಡ, ಇವಕ್ಕೂ ಮಾನವಿದೆ. ಮಂದಿ ಮೂಗು ಮುರಿಯುವುದು ಗೋಡೆ ಗಡಿಯಾರಕ್ಕೆ. ಅದಕ್ಕಿಂತ ಹೆಚ್ಚಾಗಿ, ಎರಡು ಸಾವಿರದ ಮಾಲು ಕೊಂಡರೆ ನೂರು ರೂಪಾಯಿ ಬಿಡುವ ರಿಯಾಯಿತಿ ಚೀಟಿಗೆ. ಬಹುಮಾನ ಪಡೆಯಲು ಮತ್ತೆ ಜೇಬಿಗೆ ಕೈ ಹಾಕಬೇಕೆಂದರೆ ಅದು ಬಹುಮಾನವೇ?

4. ಡ್ರಾ ಬಿಟ್ಟು ಎಲ್ಲರಿಗೂ ಖಾತ್ರಿ ಉಡುಗೊರೆ ಕೊಡಲಾದೀತೇ ಎಂದು ನೋಡಿ

ಬಹಳ ಅಂಗಡಿಯವರ ಕಿವಿಗೆ ಬೀಳದ ಸಂಗತಿ ಇದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮಾರಾಟ ಹೆಚ್ಚಿಸಲು ನಡೆಸುವ ಸ್ಪರ್ಧೆ, ಲಾಟರಿ, ಅದೃಷ್ಟದಾಟಗಳನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಇಟ್ಟಿದೆ. ಕೊಡುವ ಮನಸ್ಸಿಲ್ಲದೆ ಬಹುಮಾನ ಸಾರುವುದು, ಬೆಲೆಯಲ್ಲೇ ಸೇರಿಸಿದ್ದನ್ನು ಪುಕ್ಕಟೆ ಎನ್ನುವುದು, ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದು, ಇವೂ ಅದೇ ಪಟ್ಟಿಯಲ್ಲಿವೆ. ಊರೆಲ್ಲ ಡ್ರಾ ನಡೆಯುತ್ತಿವೆ ಎಂಬುದು ನಿಜ, ಆದರೆ ಒಬ್ಬ ಗಿರಾಕಿ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರೆ "ಎಲ್ಲರೂ ಮಾಡ್ತಾರ್ರೀ" ಎಂಬ ಉತ್ತರ ನಿಲ್ಲದು. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಬ್ಯಾನರ್ ಮುದ್ರಿಸುವ ಮೊದಲೇ ವಕೀಲರೊಬ್ಬರಿಗೆ ತೋರಿಸಿ. ಕೊಂಡವರಿಗೆಲ್ಲ ಖರೀದಿಗೆ ತಕ್ಕ ಚಿಕ್ಕ ಉಡುಗೊರೆ ಎಂದರೆ ಈ ತಲೆನೋವೇ ಇಲ್ಲ, ಬರಿಗೈಯಲ್ಲಿ ಹೋಗುವವರೂ ಇಲ್ಲ.

5. ಕೂಪನ್ ಕನ್ನಡದಲ್ಲಿರಲಿ, ತಂದೆಯ ಹೆಸರಿಗೆ ಜಾಗವಿರಲಿ

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಇಂಥಲ್ಲಿ ಇಂಗ್ಲಿಷಿನ ಕೂಪನ್ ಹಿಡಿದು ನಿಂತ ಅಜ್ಜಿ ಯಾರ ಮುಖ ನೋಡಬೇಕು? ಗಡಿ ಕಡೆಯ ಹಳ್ಳಿಗಳಲ್ಲಿ ಮನೆಮಾತು ತೆಲುಗಾದವರೂ ಇದ್ದಾರೆ. ಬರೆದುಕೊಡಲು ಒಬ್ಬ ಹುಡುಗನನ್ನು ಕೂಡಿಸಿ, ಬರೆದದ್ದನ್ನು ಓದಿ ಹೇಳಲು ತಾಕೀತು ಮಾಡಿ.

ಇನ್ನು ಹೆಸರಿನ ಫಜೀತಿ. ಮೈಕಿನಲ್ಲಿ "ಕೊಂಕಲ್ ಮಲ್ಲಪ್ಪ" ಎಂದು ಕೂಗಿದರೆ ನಾಲ್ಕು ಮಲ್ಲಪ್ಪಂದಿರು ಎದ್ದು ನಿಲ್ಲುವ ಸೀಮೆ ಇದು. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಮೂರೂ ಬೇಕು. ಕೂಪನ್ನಿಗೆ ನಂಬರ್ ಹಾಕಿ ಅರ್ಧ ಹರಿದು ಗಿರಾಕಿಗೆ ಕೊಡಿ, ಅರ್ಧ ಡಬ್ಬಿಗೆ. ಹೆಸರು ಓದಲಾಗದವರೂ ನಂಬರ್ ಹಿಡಿದು ಬರುತ್ತಾರೆ.

6. ಫೋನ್ ನಂಬರ್ ಪಡೆದದ್ದು ಬಹುಮಾನ ತಿಳಿಸಲಿಕ್ಕಷ್ಟೇ

ಆಧಾರ್, ಹುಟ್ಟಿದ ದಿನ, ಮನೆಯಲ್ಲಿ ಎಷ್ಟು ಮಂದಿ, ಇವೆಲ್ಲ ನಿಮಗೇಕೆ? ಕೂಪನ್ ತುಂಬಿದ ವಾರಕ್ಕೇ ಸಾಲ ಬೇಕಾ, ಸೈಟ್ ಬೇಕಾ ಎಂಬ ಕರೆಗಳು ಶುರುವಾದರೆ ಗಿರಾಕಿ ನಂಟನ್ನು ಕೂಡಲೇ ಜೋಡಿಸುತ್ತಾನೆ. ಡ್ರಾ ಮುಗಿದ ಮೇಲೆ ಚೀಟಿಗಳನ್ನು ರದ್ದಿಗೆ ಹಾಕಬೇಡಿ, ಸುಟ್ಟುಬಿಡಿ. ಸ್ಟೇಟಸ್ ಹಾಕಿ, ಹತ್ತು ಮಂದಿಗೆ ಕಳಿಸಿ ಎಂಬ ಷರತ್ತೂ ಬೇಡ. ನಿಮ್ಮ ಜಾಹೀರಾತಿಗೆ ಅವರು ನೆಂಟರಿಷ್ಟರ ಬಳಿ ಬೈಸಿಕೊಳ್ಳಬೇಕೇ?

7. ಕೂಲಿ ಕಳೆದುಕೊಂಡು ಬರುವಂತೆ ಮಾಡಬೇಡಿ

2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಮುನ್ನೂರು ರೂಪಾಯಿಯ ಬಹುಮಾನಕ್ಕಾಗಿ ಇಡೀ ದಿನದ ಕೂಲಿ ಬಿಟ್ಟು ಡ್ರಾಕ್ಕೆ ಬರುವುದು ಯಾವ ಲೆಕ್ಕ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಆದರೆ ಹೋದ ಕೂಲಿಯನ್ನು ಯಾರು ಕೊಡುತ್ತಾರೆ? ಸಂತೆಯ ದಿನ, ಮಧ್ಯಾಹ್ನದೊಳಗೆ ಡ್ರಾ ಮುಗಿಸಿ. ಅತಿಥಿಗಳು ಬರಲಿ ಎಂದು ರಾತ್ರಿಯವರೆಗೆ ಎಳೆದರೆ ಹಳ್ಳಿಯವರು ಎದ್ದು ಹೋಗುತ್ತಾರೆ. ಕೊನೆಯ ಬಸ್ ಭಾಷಣಕ್ಕೆ ಕಾಯುವುದಿಲ್ಲ. ಬಾರದವರ ಬಹುಮಾನವನ್ನು ಮುಂದಿನ ಸಂತೆಯವರೆಗಾದರೂ ತೆಗೆದಿಡಿ.

8. ತೆರಿಗೆ ಯಾರು ಕಟ್ಟಬೇಕೆಂದು ಮೊದಲೇ ಬರೆಯಿರಿ

ಚೀಟಿ ಎತ್ತಿ ಕೊಡುವ ಬಹುಮಾನದ ಬೆಲೆ 10,000 ರೂಪಾಯಿ ದಾಟಿದರೆ ಶೇ 30ರಷ್ಟು ಆದಾಯ ತೆರಿಗೆ ಮುರಿಯಬೇಕು. ವಸ್ತುವಾದರೆ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ಅದನ್ನು ಕೈಗೆ ಕೊಡಬೇಕು. 90,000ದ ಬೈಕಿಗೆ ಇದು 27,000. ವೇದಿಕೆಯ ಮೇಲೆ ಹಾರ ಹಾಕಿ ಕೀಲಿ ಕೊಟ್ಟಂತೆ ಮಾಡಿ, ಕೆಳಗಿಳಿದ ಮೇಲೆ "ಇಪ್ಪತ್ತೇಳು ಸಾವಿರ ತಂದು ಬೈಕ್ ಒಯ್ಯಿ" ಎಂದರೆ ಗೆದ್ದವನೂ ನಿಮ್ಮನ್ನು ಬಯ್ಯುತ್ತಾನೆ. ತೆರಿಗೆ ಅಂಗಡಿಯೇ ಭರಿಸುವುದು ಮರ್ಯಾದೆ. ಆಗದಿದ್ದರೆ 10,000ದ ಒಳಗಿನ ಬಹುಮಾನಗಳನ್ನೇ ಇಡಿ.

ತೆರಿಗೆಯ ಮಾತನ್ನು ಮೊದಲೇ ಬರೆಯಲು ಇನ್ನೊಂದು ಕಾರಣವೂ ಇದೆ. ಅಂಚೆಯಲ್ಲಿ ಬರುವ ಸ್ಕ್ರ್ಯಾಚ್ ಕಾರ್ಡು, ವಾಟ್ಸ್‌ಆ್ಯಪ್ಪಿನಲ್ಲಿ ಬರುವ "ಕೌನ್ ಬನೇಗಾ ಕರೋಡ್‌ಪತಿ" ಹೆಸರಿನ ನಕಲಿ ಲಾಟರಿ, ಇವೆಲ್ಲ ಮೊದಲು ಕೇಳುವುದು ತೆರಿಗೆಯ ದುಡ್ಡನ್ನೇ. ನಿಮ್ಮ ಅಂಗಡಿಯ ಹೆಸರಲ್ಲೂ ಯಾರಾದರೂ ಹಾಗೆ ಕರೆ ಮಾಡಿಯಾರು. "ನಾವು ಫೋನಿನಲ್ಲಿ ಹಣ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ" ಎಂದು ಕೂಪನ್ನಿನ ಹಿಂದೆ ಮುದ್ರಿಸಿ, ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930 ಇರಲಿ.

9. ಕಂತಿನ ಲಕ್ಕಿ ಸ್ಕೀಮಿಗೆ ಕೈ ಹಾಕಲೇಬೇಡಿ

ತಿಂಗಳಿಗೆ ಸಾವಿರ ಕಟ್ಟಿ, ಪ್ರತಿ ತಿಂಗಳು ಡ್ರಾ, ಹತ್ತಿದವರು ಮುಂದಿನ ಕಂತು ಕಟ್ಟಬೇಕಿಲ್ಲ, ಹತ್ತದವರಿಗೆ ಕೊನೆಗೆ ದುಡ್ಡು ವಾಪಸ್: ಕೇಳಲು ಸಕ್ಕರೆ. ಆದರೆ 1978ರ ಕೇಂದ್ರ ಕಾಯ್ದೆ ನಿಷೇಧಿಸಿದ ಬಹುಮಾನ ಚೀಟಿ ಎಂದರೆ ಇದೇ. ನಡೆಸಿದವರಿಗೆ 3 ವರ್ಷದವರೆಗೆ ಜೈಲಿದೆ. ಟಿಕೆಟ್ ಮಾರಿ ಡ್ರಾ ಎತ್ತುವುದೂ ಬೇಡ, ಗಣೇಶ ಮಂಡಳಿಯ ಖರ್ಚಿಗಾದರೂ ಸರಿ. ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅದಕ್ಕೂ ಮೊದಲು ಸಂಜೆಯ ಫಲಿತಾಂಶಕ್ಕಾಗಿ ಕೂಲಿಯನ್ನೆಲ್ಲ ಟಿಕೆಟ್ಟಿಗೆ ಸುರಿದ ಮನೆಗಳ ಗತಿ ನೆನಪಿರುವವರು ಇನ್ನೂ ಇದ್ದಾರೆ.

10. ಫಲಿತಾಂಶವನ್ನು ಹಾಳೆಗೆ ಹಾಕಿ ಅಂಟಿಸಿ

ಪ್ರಕಟಣೆ ಪತ್ರಿಕೆಯಲ್ಲಿ ಕೊಟ್ಟಿದ್ದರೆ ಗೆದ್ದವರ ಪಟ್ಟಿಯೂ ಅದೇ ಪತ್ರಿಕೆಯಲ್ಲಿ ಬರಲಿ. ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದೂ ಅದನ್ನೇ. ಬ್ಯಾನರ್ ಮಾತ್ರ ಕಟ್ಟಿದ್ದರೆ ಅಷ್ಟೇ ದೊಡ್ಡ ಬ್ಯಾನರಿನಲ್ಲಿ ಕೂಪನ್ ನಂಬರ್, ಹೆಸರು, ಊರು, ಬಹುಮಾನ, ಡಬ್ಬಿಯಲ್ಲಿದ್ದ ಒಟ್ಟು ಕೂಪನ್ ಎಷ್ಟು ಎಂಬುದನ್ನೂ ಬರೆದು ತೂಗುಹಾಕಿ. ಫೋಟೊ ಹಾಕುವುದಾದರೆ ಗೆದ್ದವರನ್ನು ಕೇಳಿ ಹಾಕಿ, ಎಲ್ಲರಿಗೂ ಅದು ಇಷ್ಟವಾಗುವುದಿಲ್ಲ. ಕೊಂಡ ಸೀರೆಯನ್ನು ಪೊಟ್ಟಣ ಕಟ್ಟಿಸಿಕೊಳ್ಳುತ್ತ ನಿಂತ ಹೆಂಗಸು ಪಟ್ಟಿಯ ಮೇಲೆ ಕಣ್ಣಾಡಿಸಿ "ಇವರು ನಮ್ಮೂರಿನ ಬಸಮ್ಮನೇ ಅಲ್ಲೇನ್ರಿ?" ಎಂದರೆ ಮುಂದಿನ ವರ್ಷಕ್ಕೆ ಮೈಕು ಕಟ್ಟಿ ಆಟೋ ಓಡಿಸುವ ಖರ್ಚು ಉಳಿಯಿತು. ಆ ಬ್ಯಾನರನ್ನು ಮುಂದಿನ ಹಬ್ಬದವರೆಗೂ ಇಳಿಸಬೇಡಿ.