ಮೋಟಾರ್ ಸೈಕಲ್ ಇ.ಸಿ.ಯು. ಟ್ಯೂನಿಂಗ್: ವರ್ತಕರು ಗಮನಿಸತಕ್ಕ ಅಂಶಗಳು

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನಕ ಜಾರಿಗೆ ಬಂದ ತರುವಾಯ ಹೊಸ ಮೋಟಾರ್ ಸೈಕಲ್‌ಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಫ್ಯುಯಲ್ ಇಂಜೆಕ್ಷನ್ ಆಕ್ರಮಿಸಿದೆ. ಹಿಂದೆ ಸ್ಕ್ರೂ ಡ್ರೈವರಿನಿಂದ ಆಗುತ್ತಿದ್ದ ಟ್ಯೂನಿಂಗ್ ಕೆಲಸ ಈಗ ಲ್ಯಾಪ್‌ಟಾಪಿಗೆ ವರ್ಗವಾಗಿದೆ. ಮೂಲ ಇ.ಸಿ.ಯು.ವಿನ ಆದೇಶವನ್ನು ನಡುವೆ ತಡೆದು ತಿದ್ದುವ ಉಪಕರಣಗಳು ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಅಂಥವುಗಳಲ್ಲಿ ಒಂದು. ಉಪಕರಣವನ್ನು ಜೋಡಿಸುವುದು ಸುಲಭ. ಅದರೊಳಗಿನ 'ಮ್ಯಾಪ್' ಸರಿಯಿದೆಯೇ ಎಂಬುದೇ ಪ್ರಶ್ನೆ.

ಮ್ಯಾಪ್ ಎಂಬುದು ಒಂದು ಕೋಷ್ಟಕ. ಒಂದು ಬದಿಗೆ ಇಂಜಿನ್ನಿನ ವೇಗ, ಇನ್ನೊಂದು ಬದಿಗೆ ಥ್ರಾಟಲ್ ತೆರೆದ ಪ್ರಮಾಣ. ಪ್ರತಿ ಮನೆಯಲ್ಲಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬ ಅಂಕಿ. ನಾಲ್ಕು ಸ್ಟ್ರೋಕಿನ ಇಂಜಿನ್ 6,000 ಆರ್.ಪಿ.ಎಂ.ನಲ್ಲಿ ಒಂದು ಆವರ್ತವನ್ನು ಮುಗಿಸಲು ತೆಗೆದುಕೊಳ್ಳುವ ಕಾಲ 20 ಮಿಲಿಸೆಕೆಂಡು. 9,000ದಲ್ಲಿ 13 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಇಷ್ಟರೊಳಗೆ ಪೆಟ್ರೋಲ್ ಸಾಲದಾದರೆ ಪಿಸ್ಟನ್ ಅತಿಯಾಗಿ ಕಾಯುತ್ತದೆ. ಗ್ರಾಹಕನು ನಷ್ಟ ಕೇಳಲು ಬರುವುದು ಉಪಕರಣ ಜೋಡಿಸಿಕೊಟ್ಟ ಅಂಗಡಿಗೇ.

ಅಪಾಯವು ಹೆಚ್ಚಾಗಿ ಇಂಧನದ ಕಡೆಯಿಂದ ಬರುತ್ತದೆ. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. 2025ರ ವೇಳೆಗೆ ನಮ್ಮ ಬಂಕುಗಳಲ್ಲಿ ಸಾರ್ವತ್ರಿಕವಾದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲಿಗೆ ಈ ಪ್ರಮಾಣ ಸುಮಾರು 13.5 ಮಾತ್ರ. ಅಂದರೆ ಅದೇ ಗಾಳಿಗೆ ಶೇ. 8ರ ಆಸುಪಾಸು ಹೆಚ್ಚು ಇಂಧನ ಸಲ್ಲಬೇಕು. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ಹೊರದೇಶದಲ್ಲಿ ಸಿದ್ಧಪಡಿಸಿದ ಮ್ಯಾಪನ್ನು ಹಾಗೆಯೇ ತುಂಬಿದರೆ ಪೂರ್ಣ ಥ್ರಾಟಲ್‌ನಲ್ಲಿ ಮಿಶ್ರಣ ಬಡವಾಗುವುದು ಸಹಜ. ಆದುದರಿಂದ 14.7 ಎಂಬ ಅಂಕಿಯನ್ನು ಜಪಿಸದೆ, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸಾರಿನಿಂದ 'ಲ್ಯಾಂಬ್ಡಾ'ವನ್ನು ಅಳೆಯುವುದು ಲೇಸು. ಲ್ಯಾಂಬ್ಡಾ 1 ಎಂದರೆ ಯಾವ ಇಂಧನಕ್ಕಾದರೂ ಸಮತೋಲ. ಪೂರ್ಣ ಥ್ರಾಟಲ್‌ನಲ್ಲಿ 0.85ರಿಂದ 0.90 ವಾಡಿಕೆಯ ಗುರಿ. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ನಿರ್ಣಯಿಸುವ ಹಳೆಯ ಮೆಕ್ಯಾನಿಕ್ಕರ ಅನುಭವ ದೊಡ್ಡದೇ. ಆದರೆ ಅದನ್ನು ಜಾಬ್ ಕಾರ್ಡಿನಲ್ಲಿ ಬರೆದಿಡಲಾಗದು.

ಕಾನೂನಿನ ಮಾತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 190(2)ನೇ ಕಲಮಿನನ್ವಯ, ವಾಯುಮಾಲಿನ್ಯ ಹಾಗೂ ಶಬ್ದದ ಮಿತಿ ಮೀರಿದ ವಾಹನ ಓಡಿಸಿದವನಿಗೆ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ. ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 182ಎ(1)ನೇ ಕಲಮು ವಾಹನ ತಯಾರಕರು, ಆಮದುದಾರರು ಮತ್ತು ಡೀಲರುಗಳಿಗೆ ಸಂಬಂಧಿಸಿದ್ದು. ನಿಯಮಬಾಹಿರ ಮಾರ್ಪಾಟಿಗೆ ವಾಹನವೊಂದಕ್ಕೆ ಒಂದು ಲಕ್ಷ ರೂ. ದಂಡವನ್ನು ಅದು ವಿಧಿಸುತ್ತದೆ, ಸೆರೆವಾಸವೂ ಉಂಟು. ಷೋರೂಮಿನ ಪಕ್ಕದಲ್ಲಿಯೇ ಇಂತಹ ಕೆಲಸ ಹಮ್ಮಿಕೊಂಡಿರುವ ಡೀಲರುಗಳು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಜಾಬ್ ಕಾರ್ಡಿನಲ್ಲಿ ಮೂಲ ಮ್ಯಾಪಿನ ಪ್ರತಿ ಉಳಿಸಿದ ವಿವರ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಲ್ಯಾಂಬ್ಡಾ, ಬಳಸಿದ ಇಂಧನ, ತಯಾರಕರ ವಾರಂಟಿಗೆ ಬಾಧಕವಾಗಬಹುದೆಂಬ ತಿಳುವಳಿಕೆಗೆ ಗ್ರಾಹಕನ ರುಜು, ಇವಿಷ್ಟೂ ಇರತಕ್ಕದ್ದು. ಜಿ.ಎಸ್.ಟಿ. ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಕರ್ನಾಟಕದಲ್ಲಿ ನೋಂದಣಿಗೆ 40 ಲಕ್ಷ ರೂ. ವಹಿವಾಟಿನ ಮಿತಿಯಿರುವುದು ಸರಕನ್ನು ಮಾತ್ರ ಪೂರೈಸುವವರಿಗೆ. ಟ್ಯೂನಿಂಗ್ ಮಜೂರಿಯನ್ನು ಪ್ರತ್ಯೇಕವಾಗಿ ವಸೂಲು ಮಾಡತೊಡಗಿದ ಬಿಡಿಭಾಗಗಳ ಅಂಗಡಿಯು 20 ಲಕ್ಷದ ಮಿತಿಗೆ ಒಳಪಡುತ್ತದೆ.