ಪಿತ್ತಕೋಶದ ಕಲ್ಲು: ಆಪರೇಷನ್ ಯಾವಾಗ ಬೇಕು?

ಮದುವೆ ಮನೆಯ ಊಟ ಮುಗಿಸಿ ಬಂದು ಮಲಗಿದ್ದೀರಿ. ನಡುರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಂತೆ ನೋವು. ಅದು ಬೆನ್ನಿಗೂ ಬಲ ಭುಜಕ್ಕೂ ಹರಡುತ್ತದೆ, ವಾಂತಿಯೂ ಆಗುತ್ತದೆ. ಮನೆಯವರು 'ಗ್ಯಾಸ್ ಇರಬೇಕು' ಎಂದು ಓಮದ ಕಷಾಯ ಕೊಡುತ್ತಾರೆ. ಒಂದೆರಡು ಗಂಟೆಗಳಲ್ಲಿ ನೋವು ಇಳಿಯುತ್ತದೆ. ಕೆಲವು ವಾರಗಳ ನಂತರ ಮತ್ತೆ ಅದೇ ನೋವು. ಇದಕ್ಕೆ ಪಿತ್ತಕೋಶದ ಕಲ್ಲು ಕಾರಣವಾಗಿರಬಹುದು.

ಕಲ್ಲು ಹೇಗಾಗುತ್ತದೆ?

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಅದರ ಕೆಳಗೆ ಅಂಟಿಕೊಂಡಿರುವ ಪಿತ್ತಕೋಶ ಈ ರಸವನ್ನು ಕೂಡಿಡುವ ಪುಟ್ಟ ಚೀಲ ಮಾತ್ರ. ಜಿಡ್ಡಿನ ಆಹಾರ ತಿಂದಾಗ ಅದು ಸಂಕುಚಿಸಿ ರಸವನ್ನು ಕರುಳಿಗೆ ಬಿಡುತ್ತದೆ. ರಸದಲ್ಲಿ ಕೊಲೆಸ್ಟರಾಲ್ ಹೆಚ್ಚಾದರೆ ಅದು ಹರಳುಗಟ್ಟಿ ಕಲ್ಲಾಗುತ್ತದೆ. ಮಹಿಳೆಯರಲ್ಲಿ, ಬೊಜ್ಜು ಇರುವವರಲ್ಲಿ, ಉಪವಾಸ ಮಾಡಿ ಬೇಗನೆ ತೂಕ ಇಳಿಸಿಕೊಂಡವರಲ್ಲಿ ಇದು ಹೆಚ್ಚು.

ಇದು ಮೂತ್ರಪಿಂಡದ ಕಲ್ಲಲ್ಲ. ಬಾಳೆದಿಂಡಿನ ರಸ ಕುಡಿದರೆ ಇದು ಹೊರಗೆ ಹೋಗುವುದಿಲ್ಲ. ಮಾತ್ರೆಗಳು ಕೆಲವು ಬಗೆಯ ಸಣ್ಣ ಕಲ್ಲುಗಳನ್ನು ಕರಗಿಸಬಲ್ಲವಾದರೂ ಅದಕ್ಕೆ ಹಲವು ತಿಂಗಳು ಬೇಕು; ಕಲ್ಲು ಮತ್ತೆ ಬರುವುದೂ ಉಂಟು.

ಎಲ್ಲ ಕಲ್ಲಿಗೂ ಆಪರೇಷನ್ ಬೇಡ

ಬೇರಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡು ಹಲವರು ಗಾಬರಿಯಾಗುತ್ತಾರೆ. ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೆಯೇ ಬಿಡಬಹುದು. ಕಲ್ಲು ಬಹಳ ದೊಡ್ಡದಿದ್ದರೆ ಅಥವಾ ಪಿತ್ತಕೋಶದ ಗೋಡೆಯಲ್ಲಿ ದೋಷ ಕಂಡರೆ ಮಾತ್ರ ವೈದ್ಯರು ಬೇರೆ ಸಲಹೆ ಕೊಟ್ಟಾರು.

ಒಮ್ಮೆ ನೋವು ಕೊಟ್ಟ ಕಲ್ಲಿನ ಮಾತೇ ಬೇರೆ. ಅದು ಮತ್ತೆ ಕಾಡುವ ಸಂಭವ ಹೆಚ್ಚು. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು. ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ನೋವು ಹೋಯಿತಲ್ಲ ಎಂದು ಮುಂದೂಡಬೇಡಿ.

ನೋವು ಕೆಲವು ಗಂಟೆ ಕಳೆದರೂ ಬಿಡದಿದ್ದರೆ, ಚಳಿ ಜ್ವರ ಬಂದರೆ, ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಬಿಗಿತ, ಬೆವರು ಇದ್ದರೆ ಅದು ಹೃದಯಾಘಾತವೂ ಆಗಿರಬಹುದು; ತಕ್ಷಣ ಇ.ಸಿ.ಜಿ. ಆಗಲೇಬೇಕು.

ಶಸ್ತ್ರಚಿಕಿತ್ಸೆ

ಕಲ್ಲನ್ನಷ್ಟೇ ತೆಗೆದರೆ ಮತ್ತೆ ಕಲ್ಲಾಗುತ್ತದೆ. ಹಾಗಾಗಿ ಪಿತ್ತಕೋಶವನ್ನೇ ತೆಗೆಯುತ್ತಾರೆ. 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗನ್‌ಬುಕ್ ಮೊದಲ ಬಾರಿಗೆ ಇದನ್ನು ಮಾಡಿದರು. ಈಗ ಹೆಚ್ಚಾಗಿ ನಡೆಯುವ ಲ್ಯಾಪರೋಸ್ಕೋಪಿ ವಿಧಾನವನ್ನು ಭಾರತದಲ್ಲಿ 1990ರಲ್ಲಿ ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ ಆರಂಭಿಸಿದರು. ಪೂರ್ತಿ ಅರಿವಳಿಕೆ ಕೊಟ್ಟು, ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಕೆಲಸ ಮುಗಿಸುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ಊತ ಹೆಚ್ಚಿದ್ದರೆ ಹೊಟ್ಟೆ ಕೊಯ್ದು ಮಾಡಬೇಕಾದೀತು. ಅದು ರೋಗಿಯ ಸುರಕ್ಷತೆಗಾಗಿ.

ಆಮೇಲೆ ಊಟ ಹೇಗೆ?

'ಚೀಲವನ್ನೇ ತೆಗೆದರೆ ಜೀರ್ಣವಾಗುವುದು ಹೇಗೆ?' ಎಂಬ ಭಯ ಬೇಡ. ಯಕೃತ್ತು ಪಿತ್ತರಸವನ್ನು ತಯಾರಿಸುತ್ತಲೇ ಇರುತ್ತದೆ. ಅದು ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಕೆಲವು ವಾರ ಭೇದಿಯಾಗಬಹುದು. ಮೊದಲು ಇಡ್ಲಿ, ಅನ್ನ-ಸಾರಿನಂಥ ಹಗುರ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ, ಕ್ರಮೇಣ ಎಂದಿನ ಊಟಕ್ಕೆ ಮರಳಿ. ಮನೆಗೆ ಬಂದ ಮೇಲೆ ಜ್ವರ, ಕಾಮಾಲೆ ಅಥವಾ ಹೆಚ್ಚುತ್ತಿರುವ ಹೊಟ್ಟೆನೋವು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ.

ಸ್ಕ್ಯಾನಿಂಗ್ ವರದಿ ಕೈಗೆ ಬಂದಾಗ ಗಾಬರಿಯಾಗದೆ ವೈದ್ಯರನ್ನು ಮೊದಲು ಹೀಗೆ ಕೇಳಿ: 'ನನ್ನ ನೋವು ಈ ಕಲ್ಲಿನಿಂದಲೇ ಬಂದದ್ದೇ?' ಆಪರೇಷನ್ ಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರದಲ್ಲೇ ಇದೆ.