ಉರುಮೆಯ ಉಜ್ಜು

2001ರ ಬೇಸಿಗೆ. ನಾನು ರಾಯದುರ್ಗದ ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮಡಕಶಿರ, ಅಮರಾಪುರ, ರೊಳ್ಳ ಕಡೆಯ ಜಾತ್ರೆಗಳಿಗೆ ಹೋದಾಗಲೆಲ್ಲ ಜನ ಉರುಮೆ ವಾದ್ಯದ ಸದ್ದು ಬೇಕೆನ್ನುತ್ತಿದ್ದರು. ನಮ್ಮ ಕೀಬೋರ್ಡಿನಲ್ಲಿ ತಬಲಾ ಇತ್ತು, ಡ್ರಮ್ಸ್ ಇತ್ತು, ಉರುಮೆ ಇರಲಿಲ್ಲ. ಅದೇ ವರ್ಷ ಬೆಂಗಳೂರಿನ ಸ್ಟುಡಿಯೋ ಒಂದು ಮಾರಿದ ಹಳೆಯ ಅಕಾಯ್ ಎಸ್1000 ಸ್ಯಾಂಪ್ಲರ್ ನನ್ನ ಕೈಸೇರಿತು.

ಅದು 1988ರ ಯಂತ್ರ. ಹೊರಗಿನ ಸದ್ದನ್ನು ತುಂಬಿಟ್ಟುಕೊಂಡು ಕೀಬೋರ್ಡಿನ ಮನೆಗಳ ಮೇಲೆ ಹರಡಿಕೊಡುವುದು ಅದರ ಕೆಲಸ. ನನ್ನದರಲ್ಲಿ ಇದ್ದದ್ದು 2 ಎಂಬಿ ಮೆಮೊರಿ. ಮೋನೋ ಸದ್ದಾದರೂ 24 ಸೆಕೆಂಡಿನೊಳಗೆ ತುಂಬಿಹೋಗುತ್ತಿತ್ತು. ಅದರ ಪುಟ್ಟ ಪರದೆಯಲ್ಲಿ ಸದ್ದನ್ನು ಕತ್ತರಿಸುವುದು ಕಣ್ಣಿಗೆ ಶಿಕ್ಷೆ. ಅಮೆರಿಕದ ಪೀಟರ್ ಗಾಚರ್ ಮತ್ತು ಇವಾನ್ ಬ್ರೂಕ್ಸ್ ಇದಕ್ಕೆ 1985ರಲ್ಲೇ ದಾರಿ ತೋರಿಸಿದ್ದರು. ಅವರ 'ಸೌಂಡ್ ಡಿಸೈನರ್' ತಂತ್ರಾಂಶ ಇಮ್ಯುಲೇಟರ್ 2 ಸ್ಯಾಂಪ್ಲರಿನ ಸದ್ದನ್ನು ಮ್ಯಾಕಿಂಟಾಷ್ ಪರದೆಯ ಮೇಲೆ ಅಲೆಯಾಗಿ ಬಿಡಿಸಿ, ಮೌಸಿನಿಂದ ತಿದ್ದಿಸಿ, ಮರಳಿ ಯಂತ್ರಕ್ಕೆ ಕಳಿಸುತ್ತಿತ್ತು. ಇಂದಿನ ಪ್ರೊ ಟೂಲ್ಸ್ ಎಂಬ ಧ್ವನಿ ತಂತ್ರಾಂಶ ಬೆಳೆದದ್ದು ಆ ಬೇರಿನಿಂದಲೇ. ಅಂಥದೇ ಕೆಲಸಕ್ಕೆ ನನಗೆ ಸಿಕ್ಕಿದ್ದು ವಿಂಡೋಸಿನ ಸೌಂಡ್ ಫೋರ್ಜ್.

ಅಮರಾಪುರದ ಹತ್ತಿರದ ಹಳ್ಳಿಯಲ್ಲಿ ಉರುಮೆ ತಾತ ಒಬ್ಬರಿದ್ದರು. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಸುಮಾರು ಒಂದು ಗಂಟೆ ನುಡಿಸಿದರು. ಉರುಮೆಗೆ ಎರಡು ಮುಖ: ಒಂದಕ್ಕೆ ಏಟು, ಇನ್ನೊಂದಕ್ಕೆ ಬಾಗಿದ ಕಡ್ಡಿಯ ಉಜ್ಜು. ಎಲ್ಲವನ್ನೂ ಕ್ಯಾಸೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದೆ. ಆ ಒಂದು ಗಂಟೆಯಿಂದ ನಾನು ಆರಿಸಿದ್ದು ಒಂಬತ್ತು ಏಟು.

ಕಂಪ್ಯೂಟರಿನಿಂದ ಸ್ಯಾಂಪ್ಲರಿಗೆ ಸದ್ದು ಹೋಗಬೇಕಾದದ್ದು ವಾದ್ಯಗಳನ್ನು ಬೆಸೆಯುವ ಮಿಡಿ ಕೇಬಲ್ಲಿನಲ್ಲಿ. ಅದರ ವೇಗ ಸೆಕೆಂಡಿಗೆ 31,250 ಬಿಟ್. ಸಿ.ಡಿ. ಗುಣಮಟ್ಟದ ಒಂದು ಸೆಕೆಂಡಿನ ಮೋನೋ ಸದ್ದು ದಾಟಲು ಸುಮಾರು 45 ಸೆಕೆಂಡ್ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆ ಕಾಯುವಿಕೆ ನನಗೆ ಕೇಳುವುದನ್ನು ಕಲಿಸಿತು. ಕಳಿಸುವ ಮೊದಲು ಪ್ರತಿ ಏಟನ್ನೂ ಹತ್ತಾರು ಸಲ ಕೇಳುತ್ತಿದ್ದೆ. ಅಲೆ ಸೊನ್ನೆಯ ಗೆರೆ ದಾಟುವ ಜಾಗದಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ 'ಟಿಕ್' ಎನ್ನುತ್ತದೆ ಎಂಬುದು ಕೈಗೆ ಹತ್ತಿತು.

ಏಟು ಪಳಗಿತು, ಉಜ್ಜು ಪಳಗಲಿಲ್ಲ. ಉಜ್ಜಿದ ದನಿ ಕೆಳಗಿನಿಂದ ಮೇಲಕ್ಕೆ ಜಾರುತ್ತಾ ಹೋಗುತ್ತದೆ. ಅದನ್ನು ಲೂಪ್ ಮಾಡಿದರೆ ಕೊನೆಯ ಶ್ರುತಿಗೂ ಮೊದಲಿನ ಶ್ರುತಿಗೂ ಹೊಂದಿಕೆಯೇ ಇಲ್ಲ, ಪ್ರತಿ ಸುತ್ತಿಗೂ ಮುಗ್ಗರಿಸುತ್ತದೆ. ಒಂದು ಸಪ್ತಕ ಮೇಲಿನ ಮನೆ ಒತ್ತಿದರೆ ಎರಡು ಸೆಕೆಂಡಿನ ಜಾರು ಒಂದೇ ಸೆಕೆಂಡಿಗೆ ಕುಗ್ಗುತ್ತದೆ. ಸಾಕಾಗಿ, ಉಜ್ಜನ್ನು ಬಿಟ್ಟು ಬರೀ ಏಟುಗಳನ್ನು ಜಾತ್ರೆಗೆ ಒಯ್ದೆ.

ಅಂದು ಜನ ಕುಣಿದರು. ತಾತನೂ ಬಂದಿದ್ದರು. ವೇದಿಕೆ ಇಳಿದಾಗ ಕೇಳಿದರು: "ಏಟು ಐತೆ ಮಗಾ. ಉಜ್ಜಿದ್ದು ಎಲ್ಲೋಯ್ತು?"

ಮತ್ತೆ ಬಂದು ಪೂರ್ತಿ ಹಿಡಿಯುತ್ತೇನೆ ಎಂದೆ. ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ತಾತ ತೀರಿಕೊಂಡರು. ಮೂಲ ಕ್ಯಾಸೆಟ್ ಹುಡುಕಿದರೆ, ಅದರ ಮೇಲೆ ನಾನೇ ಸಿನಿಮಾ ಹಾಡುಗಳನ್ನು ತುಂಬಿಕೊಂಡಿದ್ದೆ. ಉಳಿದದ್ದು ಸ್ಯಾಂಪ್ಲರಿನ ಫ್ಲಾಪಿಗಳು. ಒಂದನ್ನು ಕಂಪ್ಯೂಟರಿಗೆ ಹಾಕಿದೆ. ಅಕಾಯ್ ತನ್ನದೇ ವಿಧಾನದಲ್ಲಿ ಬರೆದ ಫ್ಲಾಪಿ ವಿಂಡೋಸಿಗೆ ಅರ್ಥವಾಗುವುದಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಅವಸರದಲ್ಲಿ ಹೌದು ಎಂದೆ. ಐದು ಏಟು ಅಲ್ಲಿಗೆ ಮುಗಿದವು. ಇಂದು ನನ್ನ ಬಳಿ ಇರುವುದು ನಾಲ್ಕು. ಅವುಗಳಲ್ಲಿ ಉಜ್ಜು ಒಂದೂ ಇಲ್ಲ.

ತಂತ್ರಾಂಶ ನನಗೆ ಕತ್ತರಿಸುವುದನ್ನು ಚೆನ್ನಾಗಿ ಕಲಿಸಿತು. ಕತ್ತರಿಸದೆ ಉಳಿಸಬೇಕಾದದ್ದು ಯಾವುದು ಎಂಬುದನ್ನು ಕಲಿಸಿದ್ದು ತಾತನ ಆ ಒಂದು ಪ್ರಶ್ನೆ. ಆಗಿನ ಯಂತ್ರಕ್ಕೆ 24 ಸೆಕೆಂಡಿನ ಮಿತಿಯಿತ್ತು, ಕ್ಯಾಸೆಟ್ಟಿಗೆ ಇರಲಿಲ್ಲ. ಯಂತ್ರದ ಮಿತಿಯನ್ನೇ ಕಲೆಯ ಅಳತೆ ಮಾಡಿಕೊಂಡದ್ದು ನನ್ನ ತಪ್ಪು.

2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗಡಿ ಎಲ್ಲೇ ಬಿದ್ದರೂ ಈ ಸೀಮೆಯಲ್ಲಿ ಉರುಮೆ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಈಗ ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಚರ್ಮ ಕಾಯಿಸುವ ಹೊತ್ತಿನಿಂದ ವಾದ್ಯ ಕೆಳಗಿಡುವ ತನಕ ಪೂರ್ತಿ ಹಿಡಿಯಿರಿ. ನುಡಿಸಿದವರ ಹೆಸರು, ಊರು, ತಾರೀಖು ಬರೆದಿಡಿ, ಅವರ ದುಡಿಮೆಗೆ ಹಣ ಕೊಡಿ. ಎಲ್ಲ ಕಡೆ ತೆರೆಯುವ ವೇವ್ ಫೈಲಾಗಿ ಎರಡು ಕಡೆ ಕಾಪಿಡಿ. ಕತ್ತರಿ ಹಾಕುವುದಿದ್ದರೆ ನಕಲಿಗೆ ಹಾಕಿ, ಮೂಲಕ್ಕೆ ಬೇಡ.